ಎಫ್ ಕೀಲಿಯ ಒತ್ತಕ್ಷರ

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ವಾರದಲ್ಲಿ ನಮ್ಮ ಭಾಗದ ಕನ್ನಡ ಬಳಗದವರು ನನಗೊಂದು ಕೆಲಸ ಹಚ್ಚಿದರು. ಥೇರಗಾಂವ್, ವಾಕಡ, ಕಾಳೇವಾಡಿ ಕಡೆಯ ಸುಮಾರು ಮನೆಗಳು ಸೇರಿ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಸದಸ್ಯರ ಪಟ್ಟಿ ಈವರೆಗೂ ಒಂದು ನೀಲಿ ರಟ್ಟಿನ ಬುಕ್ಕಿನಲ್ಲಿತ್ತು. ಅದನ್ನು ವೆಬ್‌ಸೈಟಿಗೆ ತರಬೇಕು, ಹೆಸರೆಲ್ಲ ಕನ್ನಡದಲ್ಲೇ ಇರಬೇಕು ಅಂತ ಮೀಟಿಂಗಿನಲ್ಲಿ ತೀರ್ಮಾನವಾಯಿತು. ಹಿಂಜವಡಿಯಲ್ಲಿ ಫ್ರಂಟ್-ಎಂಡ್ ಕೆಲಸ ಮಾಡುವ ನಾನೊಬ್ಬ ಅಲ್ಲೇ ಕೂತಿದ್ದೆ. ಎಲ್ಲರೂ ನನ್ನ ಕಡೆ ನೋಡಿದರು.

ಮೂರು ಸಂಜೆಯಲ್ಲಿ ಫಾರ್ಮ್ ತಯಾರಾಯಿತು. ಭಾನುವಾರ ಪರೀಕ್ಷೆಗೆಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಮೊದಲು ಕೂತವರು ನಮ್ಮಲ್ಲೆಲ್ಲ ಹಿರಿಯರಾದ ಕಾಕಾ. ಇಂಡಿ ತಾಲ್ಲೂಕಿನವರು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಮೂವತ್ತು ವರ್ಷ ದುಡಿದು, ನಿವೃತ್ತಿಯಾದ ಮೇಲೆ ಮಗನ ಹಿಂದೆ ಚಿಂಚವಾಡಕ್ಕೆ ಬಂದವರು. ಎರಡೂ ಕೈಯ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟ ರೀತಿಯಲ್ಲೇ ಅವರ ಕಸುಬು ಗೊತ್ತಾಗುತ್ತಿತ್ತು. ಟಪಟಪ ನಾಲ್ಕು ಸಲ ಹೊಡೆದರು, ನಿಲ್ಲಿಸಿದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬಿದ್ದಿದ್ದವು.

"ತಮ್ಮಾ, ಇದರಾಗ ಒತ್ತಕ್ಷರ ಎಲ್ಲೈತಿ?" ಅಂದರು.

ಇಂಗ್ಲಿಷಿನಲ್ಲಿ ಉಚ್ಚಾರ ಬರೆದರೆ ಕನ್ನಡ ಆಗುವ ಸೌಲಭ್ಯ ಫೋನಿನಲ್ಲಿದೆ, ಅದರಲ್ಲಿ ಬರೆಯಿರಿ ಕಾಕಾ ಅಂದೆ. ಅವರಿಗೆ ಬೇಜಾರಾಯಿತು. "ನಾ ಕನ್ನಡ ಬರಿಯಾಕ ಮೊದಲ ಇಂಗ್ಲಿಷ್ ಸ್ಪೆಲ್ಲಿಂಗ್ ವಿಚಾರ ಮಾಡಬೇಕೇನು? ನಮ್ಮ ನುಡಿ ಕೀಲಿ ಕೊಡು" ಅಂದು ಎದ್ದುಹೋಗಿ ಚಹಾ ಕುಡಿಯುತ್ತಾ ಕೂತರು. ದಿನಾ ಹತ್ತು ಜನರ ಬರೆದ ಕೋಡ್ ತಂದು ಜೋಡಿಸಿ ಸಂಬಳ ಎಣಿಸುವ ನನಗೆ, ಕನ್ನಡದ ಕೀಲಿಯನ್ನು ಒಂದು ವೆಬ್ ಪುಟದೊಳಗೆ ಯಾರಾದರೂ ಇಟ್ಟಿದ್ದಾರೆಯೇ ಅಂತ ಹುಡುಕುವ ಪ್ರಸಂಗ ಅಲ್ಲಿಯತನಕ ಬಂದಿರಲಿಲ್ಲ.

ಇಟ್ಟಿದ್ದರು. ಅದರ ಹೆಸರು ಜೆಕ್ವೆರಿ ಡಾಟ್ ಐಎಂಇ. ಅದರ ಹಿಂದಿನ ಕತೆ ಓದುತ್ತಾ ಹೋದರೆ ಅರ್ಧ ಕತೆ ನಾನಿರುವ ಈ ಊರಿನ ಆಸುಪಾಸಿನದೇ.

ಮೊದಲು ಕಾಕಾ ಕೇಳಿದ ಕೀಲಿಯ ವಿಷಯ. ಅವರು ಕೆಲಸಕ್ಕೆ ಸೇರಿದಾಗ ಕಚೇರಿಯಲ್ಲಿದ್ದದ್ದು ಕನ್ನಡ ಟೈಪ್‌ರೈಟರ್, ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯದು. ಕಂಪ್ಯೂಟರ್ ಬಂದಾಗ ಅದನ್ನು ಮರೆತು ಹೊಸದಾಗಿ ಕಲಿತದ್ದು ನುಡಿ. ನುಡಿಯ ಕೀಲಿ ವಿನ್ಯಾಸದ ಮೂಲ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾವೆಲ್ಲ ಕೆ.ಪಿ. ರಾವ್ ಅನ್ನುವವರು. ಮಂಗಳೂರಿನ ಕಡೆಯವರಾದ ಅವರು ಬಹಳ ವರ್ಷ ದುಡಿದದ್ದು ಮುಂಬೈಯಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಆಮೇಲೆ ಮುದ್ರಣದ ಅಕ್ಷರ ಜೋಡಣೆಯ ಕ್ಷೇತ್ರಕ್ಕೆ ಬಂದವರು. ಊರು ಬಿಟ್ಟು ಮಹಾರಾಷ್ಟ್ರಕ್ಕೆ ಬಂದ ಕನ್ನಡಿಗರ ಲೆಕ್ಕದಲ್ಲಿ ಅವರೂ ನಮ್ಮ ಪೈಕಿಯೇ ಅಂತ ನನಗೊಂದು ಸಣ್ಣ ಖುಷಿ.

ಅವರ ವಿನ್ಯಾಸದ ಜಾಣತನ ಇಷ್ಟು. ಇಂಗ್ಲಿಷಿನ ಇಪ್ಪತ್ತಾರು ಕೀಲಿಯಲ್ಲೇ ಕನ್ನಡ ಪೂರ್ತಿ ಹಿಡಿಸಬೇಕು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಟೀ ಮತ್ತು ಡೀ ಕೀಲಿಗಳು ತ, ದಗಳಿಗೆ ಹೋದದ್ದರಿಂದ ಟ ಬಂದು ಕ್ಯೂ ಮೇಲೆ ಕೂತಿತು, ಡ ಡಬ್ಲ್ಯೂ ಮೇಲೆ, ಷ ಎಕ್ಸ್ ಮೇಲೆ. ಇಂಗ್ಲಿಷಿಗೆ ಬೇಕಾಗಿ ಕನ್ನಡಕ್ಕೆ ಬೇಡವಾದ ಒಂದೊಂದು ಕೀಲಿಗೂ ಹೀಗೆ ಹೊಸ ಕೆಲಸ ಸಿಕ್ಕಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಸಿಕ್ಕಿದ್ದು ಎಫ್‌ಗೆ. ಎಡಗೈ ತೋರುಬೆರಳು ಸದಾ ಮಲಗಿರುವ ಜಾಗ ಅದು. ಅಲ್ಲಿ ಅವರು ಇಟ್ಟದ್ದು ಅರ್ಧಾಕ್ಷರದ ಕೊಂಡಿಯನ್ನು. ಎನ್, ಎನ್, ಎಫ್, ಎನ್ ಅಂದರೆ ನನ್ನ. ಪಿಂಪ್ರಿ ಬರೆಯಲು ಏಳು ಹೊಡೆತ: ಪಿ, ಐ, ಶಿಫ್ಟ್ ಎಂ, ಪಿ, ಎಫ್, ಆರ್, ಐ. ಒತ್ತಕ್ಷರವಿಲ್ಲದೆ ಕನ್ನಡದ ಒಂದು ವಾಕ್ಯ ಮುಂದೆ ಹೋಗುವುದಿಲ್ಲ, ಆದ್ದರಿಂದ ಅದು ಬೆರಳಿನ ಕೆಳಗೇ ಇರಲಿ ಎಂಬ ಲೆಕ್ಕ. ಕಾಕಾ ಕೇಳಿದ್ದು ಇದೇ ಎಫ್ ಅನ್ನು.

ಈ ವಿನ್ಯಾಸವನ್ನು ರಾವ್ ಯಾರಿಗೂ ಮಾರಲಿಲ್ಲ, ಹಕ್ಕು ಕಾಯ್ದಿರಿಸಿಕೊಳ್ಳಲಿಲ್ಲ. ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಸೇಡಿಯಾಪು ಎಂಬ ತಂತ್ರಾಂಶವನ್ನೂ ಮುಕ್ತವಾಗಿ ಹಂಚಿದರು. ಮುಂದೆ ಕನ್ನಡ ಗಣಕ ಪರಿಷತ್ತು ಅದೇ ವಿನ್ಯಾಸ ಹಿಡಿದು ನುಡಿ ತಂದಿತು, ಸರ್ಕಾರ ಅದನ್ನು ಅಧಿಕೃತ ಅಂದಿತು, ಜನರ ಬಾಯಲ್ಲಿ ಕಗಪ ಕೀಲಿಮಣೆ ಅಂತ ಹೆಸರು ನಿಂತಿತು.

ಆದರೆ ಆ ಕಾಲದ ನುಡಿ, ಬರಹಗಳ ಕಡತ ಮೇಜಿನ ಮೇಲಿನ ಕಂಪ್ಯೂಟರಿಗೆ ಕಟ್ಟಿದ ಕರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ವಿಚಿತ್ರ ಗುರುತುಗಳು. ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದಿತ್ತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗಿತ್ತು. ಓದುವುದೇನೋ ಸಾಧ್ಯವಾಯಿತು. ಇಂಟರ್ನೆಟ್ ಸೆಂಟರಿನಲ್ಲಿ ಕೂತವನು ಏನನ್ನೂ ಇನ್‌ಸ್ಟಾಲ್ ಮಾಡದೆ ಕನ್ನಡ ಬರೆಯುವುದು ಹೇಗೆ ಎಂಬುದು ಹಾಗೇ ಉಳಿದಿತ್ತು.

ಅದಕ್ಕೆ ದಾರಿ ತೆಗೆದವರು ಮಲಯಾಳಿಗಳು. ಮಲಯಾಳಂ ವಿಕಿಪೀಡಿಯದವರು ಪುಟದೊಳಗೇ ಜಾವಾಸ್ಕ್ರಿಪ್ಟ್ ಬರೆದು ಬರವಣಿಗೆಯ ವ್ಯವಸ್ಥೆ ಮಾಡಿಕೊಂಡಿದ್ದರು. ಜುನೈದ್ ಪಿ.ವಿ. ಅದನ್ನು ನಾರಾಯಂ ಎಂಬ ವಿಸ್ತರಣೆಯಾಗಿ ಕಟ್ಟಿದರು. ನಾರಾಯಂ ಅಂದರೆ ಮಲಯಾಳದಲ್ಲಿ ಓಲೆಗರಿಯ ಮೇಲೆ ಬರೆಯುವ ಕಂಠ. 2011ರಲ್ಲಿ ಅದು ಬೇರೆ ಭಾರತೀಯ ಭಾಷೆಗಳ ವಿಕಿಗಳಿಗೂ ಬಂತು. ಅದೇ ಹೊತ್ತಿಗೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸಂತೋಷ್ ತೋಟ್ಟಿಂಗಲ್ ವಿಕಿಮೀಡಿಯಾದ ಭಾಷಾ ತಂಡ ಸೇರಿದರು. ಅವರ ತಂಡ 2012ರಲ್ಲಿ ಮಾಡಿದ ಕೆಲಸವೇ ನನ್ನಂಥವನಿಗೆ ದಕ್ಕಿದ್ದು. ವಿಕಿಪೀಡಿಯದ ಒಳಗೆ ಹುದುಗಿದ್ದ ಬರವಣಿಗೆ, ಫಾಂಟ್, ಭಾಷೆಯ ಆಯ್ಕೆ, ಅನುವಾದ, ಈ ನಾಲ್ಕನ್ನೂ ಅವರು ಹೊರಗೆ ತೆಗೆದು ನಾಲ್ಕು ಬೇರೆ ಬೇರೆ ಲೈಬ್ರರಿ ಮಾಡಿದರು. ಇಡೀ ಯೋಜನೆಗೆ ಮಿಲ್ಕ್‌ಶೇಕ್ ಅಂತ ಹೆಸರು. ಯಾವ ವೆಬ್‌ಸೈಟಿನವರಾದರೂ ತಮಗೆ ಬೇಕಾದ ಲೋಟ ಎತ್ತಿಕೊಳ್ಳಬಹುದು. ಜೆಕ್ವೆರಿ ಡಾಟ್ ಐಎಂಇ ಅವುಗಳಲ್ಲಿ ಬರವಣಿಗೆಯ ಭಾಗ. ಜಿಪಿಎಲ್, ಎಂಐಟಿ ಎರಡೂ ಪರವಾನಗಿಯಲ್ಲಿ ಸಿಗುತ್ತದೆ, ಅಂದರೆ ಬಳಗದ ಪುಟಕ್ಕೂ ಸಲ್ಲುತ್ತದೆ, ಕಂಪನಿಯ ಪುಟಕ್ಕೂ ಸಲ್ಲುತ್ತದೆ.

ಇಲ್ಲಿ ಪುಣೆ ಬರುತ್ತದೆ. ಭಾರತೀಯ ಭಾಷೆಗಳ ಕಂಪ್ಯೂಟಿಂಗಿಗೆ ಇದು ಹಳೆಯ ಊರು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು ಪುಣೆಯ ಸಿ-ಡ್ಯಾಕ್‌ನಲ್ಲಿ. ಲೋಹಿತ್ ಫಾಂಟುಗಳು ಮೂಲತಃ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಎಂಬ ಸಂಸ್ಥೆಯವು. ರೆಡ್ ಹ್ಯಾಟ್ ಅವನ್ನು ಕೊಂಡು 2004ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟಿತು. ಲೋಹಿತ್ ಕನ್ನಡವೂ ಆ ಬಳಗದ್ದೇ. 2013ರ ಫೆಬ್ರುವರಿಯಲ್ಲಿ ಪುಣೆಯ ರೆಡ್ ಹ್ಯಾಟ್ ಕಚೇರಿಯಲ್ಲಿ ಅವರೂ ವಿಕಿಮೀಡಿಯಾದ ಭಾಷಾ ತಂಡದವರೂ ಎರಡು ದಿನ ಒಟ್ಟಿಗೆ ಕೂತು ಕೀಲಿಮಣೆ, ಫಾಂಟ್, ಅನುವಾದದ ಕೆಲಸ ಮಾಡಿದರು. ಸಿ-ಡ್ಯಾಕ್‌ನ ಇನ್‌ಸ್ಕ್ರಿಪ್ಟ್ 2 ಎಂಬ ಹೊಸ ವಿನ್ಯಾಸದ ಕಡತಗಳನ್ನು ಈ ಲೈಬ್ರರಿಗೆ ಸೇರಿಸಿದ್ದು ಪುಣೆಯ ರೆಡ್ ಹ್ಯಾಟ್ ಇಂಜಿನಿಯರು. ಕನ್ನಡದ್ದನ್ನೂ ಸೇರಿಸಿದರು. ನಮ್ಮ ಪಟ್ಟಿಯಲ್ಲಿ ಈಗ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಇನ್‌ಸ್ಕ್ರಿಪ್ಟ್ 2, ಮತ್ತು ಕಾಕಾನ ಕಗಪ ಎಲ್ಲ ಇವೆ.

ಅದೇ 2013ರ ಮಧ್ಯದಲ್ಲಿ ಈ ನಾಲ್ಕೂ ಲೈಬ್ರರಿಗಳು ಸೇರಿದ ವ್ಯವಸ್ಥೆ ಎಲ್ಲ ವಿಕಿಪೀಡಿಯಗಳಿಗೆ ಬಂದು ನಾರಾಯಂ ಹಿಂದೆ ಸರಿಯಿತು. ಫಾಂಟ್ ಕಳಿಸುವ ಭಾಗ ಪುಟಗಳಿಗೆ ಭಾರವಾಯಿತೆಂದು ಮರುವರ್ಷವೇ ಅದಕ್ಕೆ ಕಡಿವಾಣ ಬಿತ್ತು. ಕೀಲಿಮಣೆಯ ಭಾಗ ಮಾತ್ರ ಗಟ್ಟಿಯಾಗಿ ನಿಂತಿತು.

ನಾನು ಅದರ ಒಳಗೆ ಇಣುಕಿದ್ದು ಒಂದು ಶನಿವಾರ ರಾತ್ರಿ. ಏನೋ ದೊಡ್ಡ ಯಂತ್ರ ಇರುತ್ತದೆ ಅಂದುಕೊಂಡಿದ್ದೆ. ಇರುವುದು ಒಂದು ಸಣ್ಣ ಎಂಜಿನ್, ಮತ್ತು ಕೀಲಿ ವಿನ್ಯಾಸಕ್ಕೊಂದು ನಿಯಮಗಳ ಕಡತ. ಕೀಲಿ ಒತ್ತಿದಾಗ ಎಂಜಿನ್ ಕರ್ಸರಿನ ಹಿಂದಿರುವ ಕೆಲವೇ ಅಕ್ಷರ ನೋಡುತ್ತದೆ, ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಹೋಲಿಸುತ್ತದೆ, ಮೊದಲು ಹೊಂದಿದ್ದನ್ನು ತೆಗೆದುಕೊಂಡು ಅಕ್ಷರ ಬದಲಿಸುತ್ತದೆ. ನಿಯಮ ಅಂದರೆ ನಾವು ಒಂದನೇ ಇಯತ್ತೆಯಲ್ಲಿ ಕಲಿತ ಕಾಗುಣಿತವೇ: ಹಿಂದೆ ವ್ಯಂಜನವಿದ್ದು ಈಗ ಶಿಫ್ಟ್ ಎ ಬಿದ್ದರೆ ದೀರ್ಘದ ಗುರುತು ಹಚ್ಚು, ವ್ಯಂಜನವಿಲ್ಲದಿದ್ದರೆ ಆ ಬರೆ. ಬಳಕೆದಾರ ಕನ್ನಡ ಆರಿಸಿಕೊಂಡಾಗ ಮಾತ್ರ ಆ ಕಡತ ಇಳಿದು ಬರುತ್ತದೆ, ಆದ್ದರಿಂದ ಪುಟಕ್ಕೆ ಭಾರವಿಲ್ಲ. ನನ್ನ ಫಾರ್ಮಿಗೆ ಅದನ್ನು ಜೋಡಿಸಲು ಹತ್ತು ಸಾಲು ಸಾಕಾಯಿತು.

ಆಫೀಸಿನಲ್ಲಿ ಇದನ್ನು ಹೇಳಿದಾಗ ಪಕ್ಕದ ಹುಡುಗ ನಕ್ಕ. ಜೆಕ್ವೆರಿ 2006ರದು, 2013ರಲ್ಲಿ ರಿಯಾಕ್ಟ್ ಬಂದ ಮೇಲೆ ಅದನ್ನು ಹೊಸ ಪುಟಕ್ಕೆ ಯಾರು ಹಾಕುತ್ತಾರೆ ಅಂದ. ಅವನು ಹೇಳಿದ್ದು ನಮ್ಮ ಕಸುಬಿನ ರೀತಿಯಲ್ಲಿ ಸರಿ. ಫ್ರಂಟ್-ಎಂಡ್ ಲೋಕದಲ್ಲಿ ಹತ್ತು ವರ್ಷದ ಲೈಬ್ರರಿ ಅಂದರೆ ಹಂಪಿಯ ಕಲ್ಲು. ಆದರೆ ರಿಯಾಕ್ಟಿನ ಹೊಸ ಪೇಟೆಯಲ್ಲಿ ಸುತ್ತಿದ ನನಗೆ ಕಗಪ ಕೀಲಿ ಇಟ್ಟ ಅಂಗಡಿ ಕಾಣಲಿಲ್ಲ. ಹಳೆಯದನ್ನೇ ಹಾಕಿದೆ.

ಮುಂದಿನ ಭಾನುವಾರ ಕಾಕಾ ಮತ್ತೆ ಕೂತರು. ಶಿಫ್ಟ್ ಎಸ್, ಎಫ್, ಆರ್, ಶಿಫ್ಟ್ ಐ. ಅವರ ಹೆಸರು ಶ್ರೀ ಇಂದ ಶುರುವಾಗುತ್ತದೆ. ಪರದೆಯ ಮೇಲೆ ಶ್ರೀ ಮೂಡಿತು. ಆಮೇಲೆ ನಿಲ್ಲಲಿಲ್ಲ. ಹೆಸರು, ಅಪ್ಪನ ಹೆಸರು, ವಿಳಾಸ, ಎಲ್ಲ ಒಂದೇ ಉಸುರಿಗೆ. ಸುತ್ತ ನಿಂತ ಹುಡುಗರು ಬಾಯಿ ಬಿಟ್ಟು ನೋಡುತ್ತಿದ್ದರು. ಆಮೇಲೆ ಅವರು ಸೇವ್ ಒತ್ತಿದರು, ಸದಸ್ಯರ ಪಟ್ಟಿ ತೆರೆಯಿತು.

ಈಗಿನ ಎಲ್ಲ ಪುಟಗಳಲ್ಲಿ ಇರುವಂತೆ ಫೋಟೊ ಇಲ್ಲದವರಿಗೆ ಒಂದು ಬಣ್ಣದ ವೃತ್ತ, ಅದರೊಳಗೆ ಹೆಸರಿನ ಮೊದಲ ಅಕ್ಷರ. ಅದಕ್ಕೆ ನಾನು ಬೇರೊಂದು ಮುಕ್ತ ಲೈಬ್ರರಿ ಬಳಸಿದ್ದೆ. ಕಾಕಾನ ವೃತ್ತದಲ್ಲಿ ಶ ಒಂದೇ ಇತ್ತು. "ಹೆಸರು ಕಡಿದಂಗ ಆತಲ್ಲೋ ತಮ್ಮಾ" ಅಂದರು, ಬೈಯದೆ.

ಅವರ ಮಾತು ಸರಿಯಾಗಿತ್ತು. ಯೂನಿಕೋಡಿನಲ್ಲಿ ಶ್ರೀ ಅಂದರೆ ನಾಲ್ಕು ತುಂಡು: ಶ, ಅರ್ಧಚಿಹ್ನೆ, ರ, ದೀರ್ಘ ಈಕಾರ. ಆ ಲೈಬ್ರರಿ ಮೊದಲ ತುಂಡು ಎತ್ತಿಕೊಂಡು ಉಳಿದದ್ದು ಬಿಟ್ಟಿತ್ತು. ಇಂಗ್ಲಿಷಿಗೆ ಅದು ನಡೆಯುತ್ತದೆ. ನಮ್ಮಲ್ಲಿ ಅಕ್ಷರ ಅನ್ನುವುದು ಬೇರೆ ವಸ್ತು. ಇದಕ್ಕೊಂದು ಸರಿಯಾದ ಉಪಾಯ ಬ್ರೌಸರಿನಲ್ಲೇ ಇದೆ, ಇಂಟಲ್ ಸೆಗ್ಮೆಂಟರ್ ಅಂತ. ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವನ್ನು ಒಂದಾಗಿ ಎಣಿಸುವುದೇ ಅದರ ಕೆಲಸ. ಕ್ರೋಮಿನಲ್ಲಿ 2020ರಲ್ಲಿ ಬಂತು, ಸಫಾರಿಯಲ್ಲಿ 2021ರಲ್ಲಿ, ಫೈರ್‌ಫಾಕ್ಸಿನಲ್ಲಿ 2024ರಲ್ಲಿ. ಅದನ್ನು ಹಾಕಿದೆ. ಈಗ ವೃತ್ತದಲ್ಲಿ ಶ್ ಬಂತು. ಇದು ಮೊದಲಿಗಿಂತ ಕೆಟ್ಟದ್ದು, ಯಾರನ್ನೋ ಸುಮ್ಮನಿರು ಅಂದ ಹಾಗೆ.

ನನ್ನ ಟೀಮಿನಲ್ಲಿ ಒಬ್ಬ ತೆಲುಗಿನವನಿದ್ದಾನೆ, ಅವನ ಹೆಸರೂ ಶ್ರೀ ಇಂದಲೇ ಶುರು. ಅವನ ಹೆಸರನ್ನು ತೆಲುಗು ಲಿಪಿಯಲ್ಲಿ ಹಾಕಿ ನೋಡಿದೆ. ಪೂರ್ತಿ ಶ್ರೀ ಬಂತು! ಅಕ್ಕಪಕ್ಕದ ಲಿಪಿ, ಹೆಚ್ಚುಕಡಿಮೆ ಅದೇ ಆಕಾರ, ಅದೇ ಒತ್ತು. ಅವನದು ಇಡಿಯಾಗಿ ಉಳಿಯಿತು, ಕಾಕಾನದು ಎರಡಾಯಿತು.

ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 15.1ರಲ್ಲಿ, ವ್ಯಂಜನ, ಅರ್ಧಚಿಹ್ನೆ, ವ್ಯಂಜನ ಸೇರಿದರೆ ನಡುವೆ ಕತ್ತರಿಸಬೇಡಿ ಎಂಬ ನಿಯಮ ಸೇರಿತು. ಅದು ಯಾವ ಅರ್ಧಚಿಹ್ನೆಗಳಿಗೆ ಅನ್ವಯ ಎಂಬ ಪಟ್ಟಿಯಲ್ಲಿ ಆರು ಲಿಪಿಗಳಿದ್ದವು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡದ ಅರ್ಧಚಿಹ್ನೆ ಆ ಪಟ್ಟಿಯಲ್ಲಿರಲಿಲ್ಲ. ಕೆ.ಪಿ. ರಾವ್ ತೋರುಬೆರಳಿನ ಕೆಳಗೆ ತಂದಿಟ್ಟಿದ್ದ ಅದೇ ಚಿಹ್ನೆ.

ಮೊದಲು ಸಿಟ್ಟು ಬಂತು. ವಾಟ್ಸಾಪ್ ಗುಂಪಿನಲ್ಲಿ "ಕನ್ನಡಕ್ಕೆ ಅನ್ಯಾಯ" ಅಂತ ಉದ್ದಕ್ಕೆ ಬರೆದು ಅಳಿಸಿದೆ. ಇಂಥ ಪಟ್ಟಿಗೆ ಸಾಲು ಸೇರುವುದು ಆ ಲಿಪಿಯ ನಡೆಯನ್ನು ಬಲ್ಲವರು ಕೂತು ಉದಾಹರಣೆ ಕೊಟ್ಟು ವಾದಿಸಿದಾಗ. ಹತ್ತು ವರ್ಷ ಈ ಕಸುಬಿನಲ್ಲಿದ್ದು ನಾನು ಒಂದು ಉದಾಹರಣೆಯನ್ನೂ ಎಲ್ಲಿಗೂ ಕಳಿಸಿದವನಲ್ಲ. ನನ್ನ ಕಾಕಾ ಬರೆದ ಶ್ರೀಗೆ ಎಂಜಿನ್ ಕೊಟ್ಟದ್ದು ಮಲಯಾಳಿ. ಸಿಟ್ಟು ಮಾಡುವ ಹಕ್ಕು ನನಗೆ ಎಷ್ಟಿತ್ತು?

ಯೂನಿಕೋಡಿನ ಬಾಗಿಲು ದೊಡ್ಡದು. ಸದ್ಯಕ್ಕೆ ಕೈಗೆ ಎಟಕುವ ವೃತ್ತದ ಲೈಬ್ರರಿಗೆ ಹೋದೆ. ನಿಯಮ ಬರೆಯುವುದು ಕಷ್ಟವಿರಲಿಲ್ಲ: ಒಂದು ವ್ಯಂಜನ, ಅದರ ಹಿಂದೆ ಅರ್ಧಚಿಹ್ನೆ-ವ್ಯಂಜನದ ಜೋಡಿ ಎಷ್ಟಾದರೂ, ಕೊನೆಗೆ ಇದ್ದರೆ ಸ್ವರಚಿಹ್ನೆ, ಅನುಸ್ವಾರ. ಒಂದೇ ಸಾಲು. ಮೂಲದ ಪ್ರತಿ ತೆಗೆದು, ತಿದ್ದಿ, ಇದನ್ನು ಸೇರಿಸಿಕೊಳ್ಳಿ ಅಂತ ವಿನಂತಿ ಕಳಿಸಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಲೈಬ್ರರಿ ನೋಡಿಕೊಳ್ಳುವವರಿಗೆ ಕನ್ನಡ ಓದಲು ಬಾರದು, ಸಹಜವೇ. ಅವರು ಕೇಳಿದ್ದು ಪರೀಕ್ಷೆಯ ಪದಗಳನ್ನು: ಈ ಪದ ಕೊಟ್ಟರೆ ಈ ತುಂಡುಗಳು ಬರಬೇಕು ಅಂತ ಇಪ್ಪತ್ತು ಉದಾಹರಣೆ ಕೊಡಿ, ನಾಳೆ ಯಾರಾದರೂ ಕೋಡ್ ಬದಲಿಸಿ ಕೆಡಿಸಿದರೆ ನಮಗೆ ಗೊತ್ತಾಗಬೇಕು.

ಇಪ್ಪತ್ತು ಪದಕ್ಕೆ ಕಾಕಾನ ಮನೆಗೆ ಹೋದೆ. ಅವರಿಗೆ ವಿಷಯ ಬಿಡಿಸಿ ಹೇಳಬೇಕಾಗಲಿಲ್ಲ. ಟೈಪಿಂಗ್ ಪರೀಕ್ಷೆಗೆ ಕೂತವರ ಬೆರಳು ಎಲ್ಲೆಲ್ಲಿ ತಪ್ಪುತ್ತದೆ ಅಂತ ಅವರಿಗೆ ಬಾಯಿಪಾಠ. ಸ್ತ್ರೀ ಬರಿ ಅಂದರು. ರಾಷ್ಟ್ರ, ಉಚ್ಛ್ವಾಸ, ಲಕ್ಷ್ಮಿ, ಕಾರ್ತ್ಸ್ನ್ಯ. ನನ್ನ ನಿಯಮ ಎಲ್ಲವನ್ನೂ ದಾಟಿತು. ಆಮೇಲೆ ಸ್ವಲ್ಪ ವಿಚಾರ ಮಾಡಿ, "ರ‍್ಯಾಂಕ್ ಹಾಕಿ ನೋಡು" ಅಂದರು.

ಒಡೆಯಿತು. ಸೂರ್ಯ ಎಂಬಲ್ಲಿ ರ ಅರ್ಕಾವೊತ್ತಾಗಿ ಯದ ಹಿಂದೆ ಹೋಗುತ್ತದೆ. ರ‍್ಯಾಂಕ್, ರ‍್ಯಾಲಿ ಎಂಬಲ್ಲಿ ರ ಇಡಿಯಾಗಿ ನಿಂತು ಯ ಒತ್ತಾಗಬೇಕು. ಹಾಗೆ ತೋರಿಸಲು ಯೂನಿಕೋಡಿನಲ್ಲಿ ರ ಮತ್ತು ಅರ್ಧಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡುತ್ತಾರೆ. ಕಾಣದ್ದನ್ನು ನಾನು ನಿಯಮದಲ್ಲಿ ಮರೆತಿದ್ದೆ. ಸೇರಿಸಿದೆ. ಎರಡನೇ ಬಾರಿ ಕಳಿಸಿದ್ದಕ್ಕೆ ಮೂರು ವಾರ ಉತ್ತರವಿಲ್ಲ. ಅಷ್ಟರಲ್ಲಿ ದಸರಾ ಆಯಿತು, ದೀಪಾವಳಿಯೂ ಬಂತು. ಒಂದು ಬೆಳಿಗ್ಗೆ ಪಿಸಿಎಂಸಿ ಸ್ಟೇಷನ್ನಿನಲ್ಲಿ ಮೆಟ್ರೊಗೆ ಕಾಯುತ್ತಿದ್ದಾಗ ಫೋನಿಗೆ ಸಂದೇಶ: ಸೇರಿಸಲಾಗಿದೆ.

ಇಂಥ ಕೆಲಸದಲ್ಲಿ ಜೊತೆಗೆ ದುಡಿದವರ ಹೆಸರನ್ನೂ ಕೆಳಗೆ ಬರೆಯುವ ಪದ್ಧತಿ ಇದೆ, ಹೆಸರಿನ ಜೊತೆಗೆ ಇಮೇಲ್ ವಿಳಾಸ ಬೇಕು. ಕಾಕಾಗೆ ಇಮೇಲ್ ಇರಲಿಲ್ಲ. ಎರಡನೇ ಬಾರಿ ಕಳಿಸುವ ಮುಂಚೆ ಅವರ ಮೊಮ್ಮಗಳು ಒಂದು ಮಾಡಿಕೊಟ್ಟಿದ್ದಳು. ಹೀಗೆ ಮೂವತ್ತು ವರ್ಷ ಬೇರೆಯವರ ಪತ್ರ, ಬೇರೆಯವರ ಸಹಿಗೆ ಟೈಪು ಮಾಡಿದವರ ಹೆಸರು, ಅವರಿಗೆ ಓದಲು ಬಾರದ ಒಂದು ಕಡತದ ಇತಿಹಾಸದಲ್ಲಿ ಕೂತಿದೆ.

ರಾಜ್ಯೋತ್ಸವದ ದಿನ ಹಾಲ್‌ನ ಗೋಡೆಯ ಮೇಲೆ ಸದಸ್ಯರ ಪಟ್ಟಿ ಹಾಕಿದ್ದೆವು, ಹಳೆಯ ಲೈಬ್ರರಿಯ ಮೇಲೆ ನನ್ನ ತಿದ್ದುಪಡಿ ಹಚ್ಚಿ. ವೃತ್ತದೊಳಗೆ ಶ್ರೀ ಇಡಿಯಾಗಿತ್ತು. ಕಾಕಾ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಛಲೋ ಆತು. ಫಾರ್ಮಿನಾಗ ಊರು ಅಂತ ಒಂದs ಖಾನೆ ಇಟ್ಟೀಯಲ್ಲ, ಅದನ್ನ ಖಾಲಿ ಬಿಟ್ಟೀನಿ. ಇಂಡಿ ಬರೀಲೋ, ಚಿಂಚವಾಡ ಬರೀಲೋ?" ಅಂದರು.

ಮರುದಿನ ಆ ಖಾನೆಯನ್ನು ಎರಡು ಮಾಡಿದೆ.